ಗೌಜಲು ಹಕ್ಕಿಯ ಕೊರಳಿನ ಕೆಂಪು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಸೂಜಿಯಕ್ಕ ಮೇಜಿಗೆ ಬಾಗಿ ಕೂತಿದ್ದಾಳೆ. ಎದುರಿಗೆ ಅಂಗಾತ ಮಲಗಿಸಿದ ಕಾಡು ಗೌಜಲು ಹಕ್ಕಿ. ಒಳಗೆಲ್ಲ ಹತ್ತಿ, ಕಾಲಿಗೆ ದಾರ. ಕಡ್ಡಿಯ ತುದಿಗೆ ಒದ್ದೆ ಹತ್ತಿ ಸುತ್ತಿ, ಅದರ ಕೊರಳಿನ ಕೆಂಪನ್ನು ಉಸಿರು ಬಿಗಿಹಿಡಿದು ಒರೆಸುತ್ತಿದ್ದಾಳೆ. ಒಂಚೂರು ಒತ್ತಿದರೂ ಒಣಗಿದ ತೊಗಲು ತರಗೆಲೆಯಂತೆ ಮುರಿಯುತ್ತದೆ.

ಸತ್ತ ಹಕ್ಕಿಯ ತೊಗಲು ಸುಲಿದು, ಹತ್ತಿ ತುಂಬಿ, ಹೊಲಿದಿಡುವುದು ಅವಳ ಕಸುಬು. ಕಲಿಸಿದವನು ಸೋದರಮಾವ. ಈ ಕೆಂಪು ಬಳಿದವನೂ ಅವನೇ.

ಬದುಕಿರುವಾಗ ಈ ಹಕ್ಕಿಯ ಕೊರಳು ಕೆಂಡ. ಸತ್ತ ಮೇಲೆ ಬಣ್ಣ ಇಳಿದು ಮಣ್ಣು. ಮಾವನಿಗೆ ಮನಸ್ಸು ತಡೆಯಲಿಲ್ಲ. "'ಸತ್ತಿದ್ದೇ ಸಾಕು, ಮಂಕಾಗಿ ಬೇರೆ ಇರ್ಬೇಕಾ?' ಅಂತ ಕುಂಚ ತಗೊಂಡ್ರು" ಎನ್ನುತ್ತಾಳೆ ಸೂಜಿಯಕ್ಕ. ಈ ಹಕ್ಕಿ ಸಿಕ್ಕ ಬೆಟ್ಟದ ಪಕ್ಕದಲ್ಲೇ ಇನ್ನೊಂದು ಬೆಟ್ಟ; ಅಲ್ಲಿಯ ಗೌಜಲುಗಳನ್ನು ಬೇರೆ ಯಾರೋ ತುಂಬಿದ್ದರು, ಬಣ್ಣವಿಲ್ಲದೆ. ಪಂಡಿತರೊಬ್ಬರು ಎರಡನ್ನೂ ಜೋಡಿಸಿಟ್ಟು ನೋಡಿ, ಕೆಂಪು ಕೊರಳಿನದು ಬೇರೆಯೇ ಜಾತಿ ಎಂದು ಸಾರಿದರು. ಹಕ್ಕಿಗೆ ಹೆಸರಿಟ್ಟರು, ತಾವೂ ಹೆಸರು ಮಾಡಿದರು. ಸುಲಿದ ಕೈ ಯಾವುದೆಂದು ಒಬ್ಬರಾದರೂ ಕೇಳಿದರೇ?

ಮೊನ್ನೆ ಸಂಶೋಧಕಿಯೊಬ್ಬಳ ಬೆರಳಿಗೆ ಕೆಂಪು ಹತ್ತಿದಾಗ ಮಾತ್ರ ಇಡೀ ಕಚೇರಿಗೆ ಮಾವನ ನೆನಪಾಯಿತು. "ಆ ಮುದುಕ ಮೋಸ ಮಾಡಿದಾನೆ" ಎಂದರು ಮೇಲಿನವರು. ಹೊಗಳಿಕೆ ಕುರ್ಚಿಗೆ, ತೆಗಳಿಕೆ ಸೂಜಿಗೆ. ಇದು ಯಾವ ಸೀಮೆಯ ನ್ಯಾಯ?

ಬಣ್ಣ ತೆಗೆದು ಮತ್ತೆ ಹೋಲಿಸಬೇಕೆಂದು ತೀರ್ಮಾನವಾಯಿತು. ತೊಗಲು ಹರಿದರೆ ಮಾವನ ದುಡಿಮೆ ಕಸದ ಬುಟ್ಟಿಗೆ. "ಬೇರೆಯವರ ಕೈಗೆ ಕೊಡ್ಬೇಡಿ ಸಾರ್. ಅವರು ಬಳಿದಿದ್ದನ್ನ ನಾನೇ ಒರೆಸ್ತೀನಿ" ಎಂದು ಗೋಗರೆದು ಸೂಜಿಯಕ್ಕ ಈ ಕೆಲಸ ಪಡೆದಿದ್ದಾಳೆ.

ಹೊತ್ತೇರುವಷ್ಟರಲ್ಲಿ ಕೊರಳು ಮಣ್ಣಿನ ಬಣ್ಣಕ್ಕೆ ಬಂದಿದೆ. ಪಕ್ಕದ ಬೆಟ್ಟದ ಹಕ್ಕಿಯನ್ನು ತಂದಿಟ್ಟರೆ ಒಂದೇ ತಾಯಿಯ ಮಕ್ಕಳು. ಸಂಶೋಧಕಿ ತಲೆಯಾಡಿಸುತ್ತಾಳೆ. ಲೋಕದಲ್ಲಿ ಒಂದು ಜಾತಿ ಕಮ್ಮಿಯಾಯಿತು. ಕಾಡಿನಲ್ಲಿ ಒಂದು ಹಕ್ಕಿಯೂ ಕಮ್ಮಿಯಾಗಲಿಲ್ಲ.

ಮನೆಯಲ್ಲಿ ಮಾವ ಹಾಸಿಗೆ ಹಿಡಿದಿದ್ದಾನೆ, ಕಣ್ಣು ಮಂಜು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದವಳು, ಮಂಚದ ಅಂಚಿಗೆ ಕೂತು ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. "ಮಾವಾ, ಕೆಂಪೆಲ್ಲ ಒರೆಸ್ಬಿಟ್ಟೆ. ನಿಮ್ಮ ಹಕ್ಕಿ ಬೇರೆ ಜಾತಿ ಅಲ್ವಂತೆ."

"ನಾನ್ಯಾವತ್ತಮ್ಮ ಬೇರೆ ಅಂದಿದ್ದೆ?"

ಸೂಜಿಯಕ್ಕ ಅವನ ಹೊದಿಕೆ ಸರಿಮಾಡುತ್ತಾಳೆ. ಆಮೇಲೆ ಮುದುಕನೇ ಕೇಳುತ್ತಾನೆ: "ಒರೆಸುವಾಗ ಗರಿ ಉದುರ್ತಾ?"

"ಒಂದೂ ಇಲ್ಲ ಮಾವಾ."

"ಹೊಲಿಗೆ?"

"ಹಾಗೇ ಇದೆ. ಎಲ್ಲೂ ಬಿಟ್ಟಿಲ್ಲ."

"ಹಾಗಾದ್ರೆ ಸರಿ ಬಿಡು" ಎಂದು ಮಾವ ಗೋಡೆಯ ಕಡೆ ಮಗ್ಗುಲಾಗುತ್ತಾನೆ.