ಮೂರು ಬಣ್ಣದ ಹಾಳೆಯ ಹುಲ್ಲು

ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಎಲ್ಲಿ ಬಂದರೂ, ಬಿಸಿಲಲ್ಲಿ ನಿಂತ ಆಟೋದ ಪರದೆಯದೇ ಇರಲಿ, ನಾನು ಕಾಮಾಕ್ಷಿಪಾಳ್ಯದ ನಮ್ಮ ಬಾಡಿಗೆ ಮನೆಗೆ ಹೋಗಿ ಕೂತುಬಿಡುತ್ತೇನೆ. ಅಲ್ಲಿ ಕಪ್ಪು-ಬಿಳುಪು ಟೀವಿಯಿತ್ತು. ಕಲರ್ ಟೀವಿ ಕೊಳ್ಳಲಾಗದವರು ಆಗ ಅದರ ಮುಂದೆ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸುತ್ತಿದ್ದರು. ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ನಿಮ್ಮ ಮನೆಯಲ್ಲೂ ಇದ್ದೀತು. ವಾರ್ತೆ ಓದುವವರ ತಲೆ ಸದಾ ನೀಲಿ, ಎದೆ ಹಸಿರು, ಯಾರೂ ನಗುತ್ತಿರಲಿಲ್ಲ. ಒಂದು ಬೇಸಿಗೆ ರಜೆಗೆ ಅಣ್ಣ ಗೆಳೆಯನ ವಿಡಿಯೋ ಗೇಮ್ ತಂದ. ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಒಬ್ಬ ಪುಟ್ಟ ಮನುಷ್ಯ ಗೋಡೆಯಿಂದ ಗೋಡೆಗೆ ಹಾರುತ್ತಿದ್ದ. ನನ್ನ ಕೈಗೆ ಬಂದೊಡನೆ ಬೀಳುತ್ತಿದ್ದ. ಹುಟ್ಟಾ ಪುಕ್ಕಲನಾದ ನಾನು ಅತ್ತುಬಿಡುತ್ತಿದ್ದೆ. ಪರದೆಯ ತಳದಲ್ಲಿ ಮಸುಕಾಗಿ, ಚೂಪುಚೂಪಾಗಿ ಏನೋ ಕಾಣುತ್ತಿತ್ತು. ಅಣ್ಣ ಅಲ್ಲಿ ಬೆರಳಿಟ್ಟು, "ಅಳ್ಬೇಡ್ವೋ ಪುಕ್ಲಾ, ನೋಡಿಲ್ಲಿ, ಹುಲ್ಲು. ಬಿದ್ರೂ ಅವನಿಗೇನೂ ಆಗಲ್ಲ" ಎನ್ನುತ್ತಿದ್ದ. ಹಸಿರಾಗಿತ್ತು, ನಂಬಿದೆ. ಮರುವರ್ಷ ಕಾಮಾಲೆಯಾಗಿ, ಹದಿನಾರಕ್ಕೇ ಅಣ್ಣ ಹೋಗಿಬಿಟ್ಟ. ಪಿಕ್ಚರ್ ಟ್ಯೂಬ್ ಸಿಡಿದೀತೆಂದು ಹೆದರಿ, ಮುಂದೆ ಆ ಟೀವಿಯನ್ನು ಗುಜರಿಗೆ ಹಾಕಿಸಿದವನು ನಾನೇ. ಹಾಳೆಯೂ ಅದರ ಜೊತೆಗೇ ಹೋಯಿತು.

ಹೋದ ವಾರ ಮಗಳು ಅದೇ ಆಟದ ಹೊಸ ಆವೃತ್ತಿ ತರಿಸಿದಳು. "ಅಪ್ಪಾ, ಗ್ರಾಫಿಕ್ಸ್ ಹೆಂಗ್ ಮಾಡಿದಾರೆ ನೋಡು!" ಅಣ್ಣನ ಬೆರಳಿದ್ದ ಜಾಗವನ್ನು ಇನ್ನೊಮ್ಮೆ ನೋಡುವ ಆಸೆಗೆ ಕನ್ನಡಕ ಒರೆಸಿಕೊಂಡು ಕೂತೆ. ಪುಟ್ಟ ಮನುಷ್ಯನಿಗೆ ಗಡ್ಡ ಬಂದಿದೆ, ಒಂದೊಂದು ಕೂದಲೂ ಗಾಳಿಗೆ ಅಲ್ಲಾಡುತ್ತದೆ. ನನ್ನ ತಲೆಯಲ್ಲಿ ಅಷ್ಟಿಲ್ಲ. ಆದರೆ ಕೆಳಗೆ ಈಟಿಯಂಥ ಕಲ್ಲುಗಳು. "ಕೆಡಿಸಿಬಿಟ್ಟಿದಾರೆ. ಅಲ್ಲಿ ಹುಲ್ಲಿತ್ತು ಕಣೇ" ಎಂದೆ, ಮೂಲವನ್ನು ಬಲ್ಲವನ ಜಂಬದಿಂದ. ಹಳೆಯ ಚಿತ್ರವನ್ನೂ ಅದರಲ್ಲಿ ಹಾಗೆಯೇ ಉಳಿಸಿದ್ದರಂತೆ. ಅವಳು ಒಂದು ಗುಂಡಿ ಒತ್ತಿದಳು. ಚೌಕಚೌಕದ ನನ್ನ ಮನುಷ್ಯ ಬಂದ. ಅವನ ಕೆಳಗೂ ಬೂದು ಬಣ್ಣದ ಅವೇ ಕಲ್ಲುಗಳು. "ಇಲ್ಲಪ್ಪ, ಮೊದ್ಲಿಂದ್ಲೂ ಕಲ್ಲೇ." ಆಟದ ಚಿತ್ರ ಬಿಡಿಸಿದ ಕಲಾವಿದ ಬರೆದದ್ದೇ ಕಲ್ಲು. ಹೊಸಬರು ಅವನ ಕಲ್ಪನೆಗೆ ದ್ರೋಹ ಮಾಡಿರಲಿಲ್ಲ, ಹೊಳಪು ಕೊಟ್ಟಿದ್ದರು ಅಷ್ಟೆ. ಹುಲ್ಲು ಬೆಳೆಸಿದ್ದು ನಮ್ಮಣ್ಣ.

"ಯಾವ್ದು ಇಟ್ಕೊಳ್ಲಿ? ಹಳೇದಾ, ಹೊಸ್ದಾ?" ಎಂದಳು ಮಗಳು.

ಎರಡರಲ್ಲೂ ನಮ್ಮದು ಇರಲಿಲ್ಲ. "ನಿಂಗಿಷ್ಟ ಬಂದಿದ್ದು, ಪುಟ್ಟಿ" ಎಂದೆ. ಅಮ್ಮನೂ ಹೋದ ಮೇಲೆ, ಆ ಹಸಿರನ್ನು ಕಂಡವರಲ್ಲಿ ಉಳಿದಿರುವವನು ನಾನೊಬ್ಬನೇ. ನನ್ನ ನೆನಪೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸುಂಕದಕಟ್ಟೆಯವರೆಗೆ ಹೋಗಿ ಮನೆಗೆ ವಾಪಸು ಓಡಿಬರುವಂಥದ್ದು.