ಕಿವಿ ಬೀಸದ ಆನೆ

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಮೋಟು ಕೂತಿರುತ್ತಿತ್ತು. ವರ್ಷಗಟ್ಟಲೆ ಕೂತು ಕೂತು ಅಲ್ಲಿ ಗುಳಿಯೇ ಬಿದ್ದಿತ್ತು. ಒಮ್ಮೆ ಆ ಮೋಟನ್ನು ಎಗರಿಸಿ ಬೀಡಿ ಸಿಕ್ಕಿಸಿದವನು ನಾನೇ. ಅವರು ಬೀಡಿಯಿಂದಲೇ ಗೆರೆ ಎಳೆಯಲು ಹೋದರು. ಕ್ಲಾಸು ನಕ್ಕಿತು, ಅವರೂ ನಕ್ಕರು.

ನಾನು ಪಿ.ಟಿ. ಮೇಷ್ಟ್ರು. ಚಾಮರಾಜನಗರದಾಚೆಯ ಹೈಸ್ಕೂಲಿನಲ್ಲಿ ಆಟದ ಸಾಮಾನಿನ ರೂಮೇ ನಮ್ಮಿಬ್ಬರಿಗೂ ಜಾಗ. ಚೇಷ್ಟೆಯಲ್ಲಿ ತಾಲ್ಲೂಕಿಗೆ ನನ್ನ ಸಮ ಇನ್ನೊಬ್ಬನಿರಲಿಲ್ಲ. ಇಲ್ಲದ ಹುಡುಗನ ಹೆಸರನ್ನು ಹಾಜರಿಗೆ ಸೇರಿಸಿ ಮೂರು ತಿಂಗಳು 'ಪ್ರೆಸೆಂಟ್ ಸಾರ್' ಕೂಗಿಸಿದವನು ನಾನು.

ಯಾರೋ ದಾನಿಗಳು ಶಾಲೆಗೆ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಬೆರಳುದ್ದದ ಎಲೆಕ್ಟ್ರಾನಿಕ್ ತುಂಡುಗಳು. ಒಂದು ಬೆಳಗುವುದು, ಒಂದು ತಿರುಗುವುದು, ಒಂದು ಗುಂಯ್ ಎನ್ನುವುದು. ತುದಿಯಲ್ಲಿ ಅಯಸ್ಕಾಂತ, ಪಕ್ಕಪಕ್ಕ ಇಟ್ಟರೆ ಟಕ್ಕನೆ ಕಚ್ಚಿಕೊಳ್ಳುತ್ತಿದ್ದವು. ಬ್ಯಾಟರಿಗೆ ಸೇರಿಸುವ ನೀಲಿ ತುಂಡು ಮಾತ್ರ ಒಂದೇ. ಅದಿಲ್ಲದಿದ್ದರೆ ಉಳಿದವೆಲ್ಲ ಕಲ್ಲು. ಮೇಷ್ಟ್ರು ಪೆಟ್ಟಿಗೆಯನ್ನು ಚಿತ್ರದ ಕ್ಲಾಸಿಗೆ ಬೇಡಿ ತಂದರು. ಹೆಡ್ ಮೇಷ್ಟ್ರು ಹೇಳಿದ್ದು ಒಂದೇ ಮಾತು: ಇನ್ಸ್‌ಪೆಕ್ಷನ್ನಿಗೆ ಏನಾದರೂ ಮಾಡಿ ತೋರಿಸಬೇಕು, ಇಲ್ಲವಾದರೆ ಅದು ಸೈನ್ಸ್ ಲ್ಯಾಬಿಗೆ.

ಕಾಡಂಚಿನ ಪುಣಜನೂರಿನ ಕಡೆಯ ಹುಡುಗಿಯೊಬ್ಬಳಿದ್ದಳು, ಬಾಯಿಯೇ ಬಿಡದವಳು. ಅವಳು ಗೋಣಿಚೀಲದಲ್ಲಿ ಆನೆ ಹೊಲಿದಳು. ಅದರ ಹೊಟ್ಟೆಯೊಳಗೆ ಇಟ್ಟ ತುಂಡುಗಳು ಸೇರದೆ ಜಾರಿದಾಗ ಅಳುಮುಖ ಮಾಡಿದಳು.

"ಮುರ್ದೋಗಿಲ್ಲ ಕಣಮ್ಮಿ, ತಿರುಗ್ಸಿ ಇಡು, ಅದೇ ಕಚ್ಕತದೆ," ಎಂದರು ಮೇಷ್ಟ್ರು. ಸಿಡುಕುವ ಹೆಡ್ ಮೇಷ್ಟ್ರ ಬಗ್ಗೆಯೂ, ದಡ್ಡರೆಂದು ನಾವು ಕೈಬಿಟ್ಟ ಮಕ್ಕಳ ಬಗ್ಗೆಯೂ ಅವರದು ಇದೇ ಮಾತು.

ಆನೆ ಕಿವಿ ಬೀಸಿತು. "ಸಾ, ನಮ್ಮೂರ್ ಆನೆನೂ ಇಂಗೇ ಬೀಸ್ತದೆ," ಎಂದಳು ಹುಡುಗಿ. ಆ ವರ್ಷ ಅವಳ ಬಾಯಿಂದ ಬಂದ ಮೊದಲ ಮಾತು.

ಇನ್ಸ್‌ಪೆಕ್ಷನ್ನಿನ ಬೆಳಿಗ್ಗೆ ನಾನು ನೀಲಿ ತುಂಡನ್ನು ಎಗರಿಸಿದೆ. ಎರಡು ನಿಮಿಷ ಮೇಷ್ಟ್ರನ್ನು ಹುಡುಕಾಡಿಸಿ, ಕೊಟ್ಟು ನಗಬೇಕೆಂದಿದ್ದೆ. ಇನ್ಸ್‌ಪೆಕ್ಟರ್ ಸಾಹೇಬರು ಅರ್ಧ ಗಂಟೆ ಮೊದಲೇ ಬಂದುಬಿಟ್ಟರು. ಹುಡುಗಿ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಆನೆ ಮಿಸುಕಲಿಲ್ಲ. ಯಾರೋ ಕಿಸಕ್ಕೆಂದರು. ನನ್ನ ಕೈಯಲ್ಲಿ ಆಟದ ರೂಮಿನ ಬೀಗದಕೈ ಗೊಂಚಲಿತ್ತು. ತುಂಡು ತೆಗೆಯೋಣವೆಂದು ಅದೇ ಕೈಯನ್ನು ಜೇಬಿಗೆ ಹಾಕಿದೆ. ಅಯಸ್ಕಾಂತ ಬೀಗದಕೈಗೆ ಕಚ್ಚಿ ಟಕ್ ಎಂದಿತು.

ಮೇಷ್ಟ್ರು ತಿರುಗಿ ನನ್ನ ಜೇಬನ್ನು ನೋಡಿದರು. ಆಮೇಲೆ ಸಾಹೇಬರ ಕಡೆಗೆ, "ನನ್ನ ತಪ್ಪೇ ಸಾರ್. ಒಂದ್ ಪೀಸು ಎಲ್ಲೋ ಬೀಳಿಸ್ಬುಟ್ಟೆ," ಎಂದರು. ನಾನು ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನಿಂತೆ.

ಪೆಟ್ಟಿಗೆ ಅವತ್ತೇ ಲ್ಯಾಬಿನ ಬೀರುವಿಗೆ ಹೋಯಿತು. ಒಂದು ತುಂಡಿಲ್ಲದ್ದು ಅಲ್ಲಿಯೂ ಯಾರಿಗೂ ಬೇಡವಾಯಿತು. ಹುಡುಗಿ ಮತ್ತೆ ಬಾಯಿ ಮುಚ್ಚಿಕೊಂಡಳು. ನಾಳೆ ಕೊಡೋಣ, ನಾಳೆ ಕೊಡೋಣ ಎಂದು ನಾನು ಎರಡು ವರ್ಷ ಕಳೆದೆ. ಅದೇ ರೂಮು, ಅದೇ ಬೆಂಚು. ಅವರು ಡಬ್ಬಿಯ ಚಿತ್ರಾನ್ನದಲ್ಲಿ ನನಗೆ ಅರ್ಧ ಕೊಡುತ್ತಲೇ ಇದ್ದರು, ಒಂದು ದಿನವೂ ಕೇಳಲಿಲ್ಲ. ತಾಲ್ಲೂಕನ್ನೇ ನಗಿಸಿದ ನಾಲಿಗೆ 'ನಾನೇ ತೆಗೆದೆ' ಎಂದಷ್ಟು ಹೇಳಲು ಹೊರಳಲಿಲ್ಲ.

ಹೋದ ವರ್ಷ ಗುಂಡ್ಲುಪೇಟೆಯ ಮನೆಯಲ್ಲಿ ಅವರು ತೀರಿಕೊಂಡರು. ಹೋಗಿ ನೋಡಿದೆ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ, ಗುಳಿ ಇತ್ತು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ ಜೇಬಲ್ಲಿತ್ತು ಅಂತ ಅವ್ರಿಗೆ ಗೊತ್ತಿತ್ತು ಕಣಣ್ಣ. ಕೇಳಿ ಅಂತ ನಾನೇ ಎಷ್ಟ್ ಸಲ ಅಂದೆ. ಬ್ಯಾಡ ಬುಡು, ಅವ್ನೇ ತಂದ್ಕೊಡ್ತಾನೆ ಅನ್ನೋರು. ತಂದಿದ್ದೀರಾ?"

ತಂದಿದ್ದೆ. ಜೇಬಿನಲ್ಲೇ ಇತ್ತು.

"ಇಲ್ಲ ತಾಯಿ, ಎಲ್ಲೋ ಬಿದ್ದೋಯ್ತು," ಎಂದೆ.