ಅಮರಪ್ಪ ಕಾಕಾ ಗೇರ್ ಇಳಿಸುತ್ತಿದ್ದ ಬಗೆ

ಇವತ್ತು ಬೆಳಿಗ್ಗೆ ನನ್ನ ಕಾರು ಗ್ಯಾರೇಜಿನಲ್ಲಿದ್ದುದರಿಂದ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಲಿಂಗಸೂಗೂರಿನಿಂದ ಮಸ್ಕಿಯ ಶಾಲೆಗೆ ಹೊರಟೆ. ಊರು ದಾಟುವ ಮೊದಲೇ ಒಂದು ಹಂಪ್ ಬಂತು. ಅವರು ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟರು. ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಂತೆ ಕಾರು ತಡವರಿಸಿತು. ನನ್ನ ತೊಡೆಯ ಮೇಲಿದ್ದ ಬುತ್ತಿ ಡಬ್ಬಿ ಜಾರಿ ಬಿತ್ತು. ಅವರು ಗಮನಿಸಲಿಲ್ಲ. ಗಮನಿಸುವಂಥದ್ದೂ ಅಲ್ಲ ಬಿಡಿ, ಎಲ್ಲರ ಕಾರೂ ಹಾಗೆಯೇ ಹೋಗುತ್ತದೆ. ಆದರೆ ಅಷ್ಟರಲ್ಲಿ ನನ್ನ ಬಲಗಾಲು ಅಲ್ಲಿಲ್ಲದ ಆಕ್ಸಿಲರೇಟರನ್ನು ತಾನಾಗಿಯೇ ಒಮ್ಮೆ ಒತ್ತಿಬಿಟ್ಟಿತ್ತು. ಆ ಕಾಲಿಗೆ ಆ ಅಭ್ಯಾಸ ಹಚ್ಚಿದವರು ಅಮರಪ್ಪ ಕಾಕಾ.

ಕಾಕಾ ನಮ್ಮ ಎದುರುಮನೆಯವರು. ಹಟ್ಟಿಯ ಗಣಿ ಕೆಲಸಗಾರರನ್ನು ಪಾಳಿಗೆ ಕರೆದೊಯ್ಯುವ ಬಸ್ಸನ್ನು ಮೂವತ್ತು ವರ್ಷ ಓಡಿಸಿ ನಿವೃತ್ತರಾದವರು. ನಲವತ್ತೆರಡು ತುಂಬಿದ ಮೇಲೆ ನನಗೆ ಕಾರು ಕಲಿಯುವ ಹುಕಿ ಬಂತು. ನನ್ನ ಗಂಡನಿಗೆ ಸೈಕಲ್ ಬಿಟ್ಟು ಬೇರೆ ವಾಹನದ ಮೇಲೆ ನಂಬಿಕೆಯಿಲ್ಲ. ಕಾಕಾ ಒಪ್ಪಿದರು. ನಾನು ಟೀಚರ್ ಎಂಬ ಕಾರಣಕ್ಕೆ 'ಅಕ್ಕೋರ' ಎಂದು ಕರೆಯುತ್ತ, ಬಹುವಚನದಲ್ಲಿಯೇ ಬೈಯುತ್ತಿದ್ದರು.

ಹದಿನೈದು ದಿನಕ್ಕೆ ಕಾರು ನನ್ನ ಮಾತು ಕೇಳತೊಡಗಿತು. ಕಲಿತೆ ಅಂದುಕೊಂಡೆ. ಕಾಕಾ ಹಾಗೆ ಅಂದುಕೊಳ್ಳಲಿಲ್ಲ.

"ಗೇರ್ ಏರಿಸೋದು ಯಾರಿಗರ ಬರ್ತೈತ್ರಿ ಅಕ್ಕೋರ. ಇಳಸೋದು ಕಲೀರಿ. ಕ್ಲಚ್ ತುಳೀರಿ, ಗೇರ್ ಇಳಸ್ರಿ, ಕ್ಲಚ್ ಬಿಡೂಕಿಂತ ಮೊದ್ಲ ಒಂದು ಸಣ್ಣ ರೇಸ್ ಕೊಡ್ರಿ. ಇಂಜಿನ್ನು, ಗಾಲಿ ಎರಡೂ ಒಂದ ಓಟಕ್ಕ ಬರ್ಬೇಕು. ಆಮ್ಯಾಲೆ ಕ್ಲಚ್ ಬಿಡ್ರಿ."

ಆಕ್ಸಿಲರೇಟರ್ ಒತ್ತುವುದಕ್ಕೆ ನಮ್ಮ ಕಡೆ ರೇಸ್ ಕೊಡುವುದು ಎನ್ನುತ್ತಾರೆ. ಕಾಕಾ ಹೇಳಿದ್ದರಲ್ಲಿ ನನಗೆ ತಿಳಿಯದ್ದೇನೂ ಇರಲಿಲ್ಲ. ಬಸ್ಸು ಗಕ್ಕನೆ ನಿಧಾನವಾದರೆ ಪ್ರಯಾಣಿಕ ಮುಂದಕ್ಕೆ ಏಕೆ ಮುಗ್ಗರಿಸುತ್ತಾನೆ ಎಂದು ಇಪ್ಪತ್ತು ವರ್ಷಗಳಿಂದ ಕರಿಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು ನಾನು. ಆದರೆ ಆ ಪಾಠ ತಲೆಯಿಂದ ಪಾದಕ್ಕೆ ಇಳಿದಿರಲಿಲ್ಲ. ರೇಸ್ ಹೆಚ್ಚಾದರೆ ಕಾರು ಎಗರುತ್ತಿತ್ತು, ಕಡಿಮೆಯಾದರೆ ಜಗ್ಗುತ್ತಿತ್ತು. ಸಂತೆಕಲ್ಲೂರಿನ ದಾರಿಯಲ್ಲಿ ನನ್ನ ಇಂಜಿನ್ನಿನ ಅಬ್ಬರಕ್ಕೆ ಎಮ್ಮೆಗಳು ಮೇವು ಬಿಟ್ಟು ತಿರುಗಿ ನೋಡುತ್ತಿದ್ದವು.

ಒಂದು ದಿನ ಬೇಸತ್ತು ಕೇಳಿಯೇಬಿಟ್ಟೆ: "ಇದು ಹೊಸಾ ಗಾಡಿ ಕಾಕಾ. ಇದಕ್ಕ ಇಷ್ಟೆಲ್ಲಾ ಬೇಕೇನ್ರಿ?"

"ಗಾಡಿಗೆ ಬ್ಯಾಡ್ರಿ. ಕುಂತವರಿಗೆ ಬೇಕು."

ಆಮೇಲೆ ಬಿಡಿಸಿ ಹೇಳಿದರು. ಪಾಳಿ ಮುಗಿಸಿದವರು ಬಸ್ಸು ಹತ್ತಿದ ಕೂಡಲೇ ಕಿಟಕಿಯ ಸರಳಿಗೆ ತಲೆ ಆನಿಸಿ ಮಲಗಿಬಿಡುತ್ತಿದ್ದರಂತೆ. "ಎಂಟು ತಾಸು ಭೂಮಿ ಒಳಗ ದುಡದು ಬಂದಾರ. ನನ್ನ ಗೇರಿನ ಸಲುವಾಗಿ ಅವ್ರ ಹಣಿ ಸರಳಿಗೆ ಯಾಕ ಬಡೀಬೇಕು ಹೇಳ್ರಿ?"

ಮತ್ತೆ ಆರು ತಿಂಗಳು ಕಲಿತೆ. ಒಂದು ಸಂಜೆ ಮೂರರಿಂದ ಎರಡಕ್ಕೆ ಇಳಿದದ್ದು ನನಗೇ ತಿಳಿಯಲಿಲ್ಲ. ಕಾಕಾ ಮರುದಿನದಿಂದ ಪಾಠಕ್ಕೆ ಬರುವುದನ್ನು ನಿಲ್ಲಿಸಿದರು, ಅಷ್ಟೇ.

ನಾಲ್ಕು ವರ್ಷಗಳ ಹಿಂದೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟದ ಹತ್ತಿರವೇ ಮುರಿದಿತ್ತು. ಊರಿನ ಡಾಕ್ಟರು ಕಾಲಿಗೆ ಹಲಗೆ ಕಟ್ಟಿ, ಇವತ್ತೇ ಸಿಂಧನೂರಿಗೆ ಒಯ್ದು ಆಪರೇಷನ್ ಮಾಡಿಸಿ ಎಂದರು. ಆಂಬುಲೆನ್ಸ್ ಬೇರೆಲ್ಲಿಗೋ ಹೋಗಿತ್ತು, ಯಾವಾಗ ಬರುತ್ತದೋ ಗೊತ್ತಿರಲಿಲ್ಲ. "ನೀವೇ ಒಯ್ಯಿರಿ, ಆದರೆ ಜರ್ಕ್ ಹೊಡೆಯಬಾರದು" ಎಂದರು ಡಾಕ್ಟರು. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಗಂಡ ಕೆಳಗೆ ಕುಕ್ಕರಗಾಲಲ್ಲಿ ಕೂತು ಅವರ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮೊದಲ ಹಂಪಿನಲ್ಲೇ ಗಾಬರಿಗೆ ಎಲ್ಲ ಮರೆತು ಕ್ಲಚ್ ಬಿಟ್ಟುಬಿಟ್ಟೆ. ಅತ್ತೆ "ಶಿವನೇ!" ಎಂದು ಚೀರಿದ್ದು ಇವತ್ತಿಗೂ ಕಿವಿಯಲ್ಲಿದೆ. ಕಾರನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತೆ. "ಹೊಂಡು, ನಿನಗ ಬರ್ತೈತಿ" ಎಂದರು ಗಂಡ, ಹಿಂದಿನಿಂದ.

ಹೊರಟೆ. ಹಂಪು, ಗುಂಡಿ, ಕುರಿ ಹಿಂಡು. ಮಸ್ಕಿ ದಾಟಿ ಹಸಿರು ಗದ್ದೆ ಶುರುವಾದ ಮೇಲೆ ರಸ್ತೆ ತುಂಬ ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ನಾಲ್ಕರಿಂದ ಮೂರು, ಮೂರರಿಂದ ಎರಡು, ಪ್ರತಿ ಸಲವೂ ಒಂದು ಸಣ್ಣ ರೇಸ್. ಹಿಂದಿನಿಂದ ನರಳಿಕೆ ಬರುತ್ತಿತ್ತು, ಚೀರಾಟ ಬರಲಿಲ್ಲ. ಸಿಂಧನೂರು ಹತ್ತಿರವಾದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಗಾಡಿ ನಿಂತೈತೇನವಾ?"

"ಇಲ್ಲರೀ ಅತ್ತಿ, ಹೊಂಟೈತಿ" ಎಂದೆ. ಕಣ್ಣು ಮಂಜಾಗಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಇದನ್ನು ನಾನು ಕಾಕಾಗೆ ಹೇಳಿರಲೇ ಇಲ್ಲ. ಆಗ ಅವರು ಮಗಳ ಊರಲ್ಲಿದ್ದರು. ಬಂದ ಮೇಲೆ ನನಗೆ ಆಸ್ಪತ್ರೆ, ಶಾಲೆ, ಅತ್ತೆಯ ಆರೈಕೆ. ಆಮೇಲಾಮೇಲೆ, ಗೇರ್ ಬದಲಿಸಿದ್ದಕ್ಕೆಲ್ಲ ಯಾರಾದರೂ ಧನ್ಯವಾದ ಹೇಳುತ್ತಾರೆಯೇ ಎಂಬ ಸಂಕೋಚ. ಇವತ್ತು ಸಂಜೆ ಶಾಲೆಯಿಂದ ಬಂದವಳೇ, ಚೀಲವನ್ನೂ ಇಳಿಸದೆ ಎದುರುಮನೆಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ.

ಕಾಕಾ ಕಟ್ಟೆಯ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿದರು. "ಅತ್ತಿಯವ್ರು ಈಗ ನಡೀತಾರೇನ್ರಿ?" ಎಂದರು.

"ನಡೀತಾರ್ರಿ ಕಾಕಾ. ಸೋಮವಾರಕ್ಕೊಮ್ಮೆ ಮಠಕ್ಕ ತಾವ ಹೋಗಿ ಬರ್ತಾರ."

"ಮೂವತ್ತು ವರ್ಷ ಓಡಸೀನ್ರಿ. ಸುಖವಾಗಿ ಮುಟ್ಟಿದೆ ಅಂತ ಒಬ್ಬರೂ ಬಂದು ಹೇಳಿದ್ದಿಲ್ಲ. ಹೆಂಗ್ ಹೇಳ್ತಾರ, ಅವರಿಗೆ ಗೊತ್ತ ಆಗಿರ್ತಿದ್ದಿಲ್ಲ." ಟವೆಲಿನಿಂದ ಮುಖ ಒರೆಸಿಕೊಂಡು ಒಳಗಿನ ಕಡೆ ತಿರುಗಿ ಕೂಗಿದರು: "ಏ ಹುಲಿಗೆಮ್ಮಾ, ರೊಟ್ಟಿ ಬಿಟ್ಟು ಹೊರಗ ಬಾ. ಅಕ್ಕೋರ, ಇನ್ನೊಮ್ಮೆ ಹೇಳ್ರಿ, ಇಕಿನೂ ಕೇಳ್ಲಿ."

ಅವರ ಹೆಂಡತಿ, ನಮ್ಮ ಕಾಕು, ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಹೊಸ್ತಿಲ ಬಳಿ ಕೂತರು. ನಾನು ಚೀಲ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಅತ್ತೆ ಜಾರಿ ಬಿದ್ದಲ್ಲಿಂದ ಶುರುಮಾಡಿದೆ.